ಪ್ಯಾಕೇಜ್ ಕೆಟ್ಟಿತೆಂದು ಗಣಕಯಂತ್ರವನ್ನೇ ಬರಿದು ಮಾಡಬೇಕೆ?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ನ್ನು ತಾಳದ ಹಳೆಯ ಗಣಕಯಂತ್ರಗಳನ್ನು ಗುಜರಿಗೆ ಹಾಕುವ ಬದಲು ಉಬುಂಟುವಿನಂತಹ ಲಿನಕ್ಸ್ ವ್ಯವಸ್ಥೆಯನ್ನು ಅಳವಡಿಸಿಕೊಳ್ಳುವುದು ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಗೇರುಬೀಜ ಕಾರ್ಖಾನೆ, ಅಕ್ಕಿ ಗಿರಣಿ ಹಾಗೂ ಅಂಗಡಿಗಳಿಗೆ ಮಿತವ್ಯಯದ ದಾರಿಯೇ ಸರಿ. ಆದರೆ ಈ ದಾರಿಯಲ್ಲಿ ಎದುರಾಗುವ ಒಂದು ತೊಂದರೆಗೆ ಸಾಮಾನ್ಯವಾಗಿ ಸೂಚಿಸಲಾಗುವ ಪರಿಹಾರವು ರೋಗಕ್ಕಿಂತ ದುಬಾರಿಯಾದುದು.

ನಮ್ಮ ಮಳೆಗಾಲದ ವಿದ್ಯುತ್ತಿನ ಪರಿ ಎಲ್ಲರೂ ಬಲ್ಲದ್ದೇ. ತಂತ್ರಾಂಶದ ಪರಿಷ್ಕರಣೆ ನಡೆಯುತ್ತಿರುವಾಗಲೇ ಕರೆಂಟು ಹೋಯಿತೆನ್ನಿ. ಉಬುಂಟು, ಡೆಬಿಯನ್‌ಗಳಲ್ಲಿ ಪ್ಯಾಕೇಜನ್ನು ಮೊದಲು ಬಿಚ್ಚಿ, ಅನಂತರ ಹೊಂದಿಸಲಾಗುತ್ತದೆ. ಇವೆರಡರ ನಡುವೆ ಕೆಲಸ ನಿಂತರೆ ಪ್ಯಾಕೇಜ್ ಅರ್ಧಂಬರ್ಧವಾಗಿ ಉಳಿಯುತ್ತದೆ. ಅದು ಸರಿಯಾಗುವ ತನಕ ‘ಆಪ್ಟ್’ ಬೇರೊಂದನ್ನು ಸೇರಿಸಲು ಒಪ್ಪುವುದಿಲ್ಲ. ದುರಸ್ತಿಗೆ ಬಂದವರು ‘ಫಾರ್ಮ್ಯಾಟ್ ಮಾಡಿಬಿಡೋಣ’ ಎನ್ನುತ್ತಾರೆ. 20ನೇ ತಾರೀಕಿನೊಳಗೆ ಜಿಎಸ್‌ಟಿಆರ್-3ಬಿ ಸಲ್ಲಿಸಬೇಕಾದ ವರ್ತಕರು ಗಾಬರಿಯಲ್ಲಿ ಹೂಂಗುಟ್ಟುತ್ತಾರೆ. ಬಿಲ್ಲು, ಉದ್ರಿ ಲೆಕ್ಕ, ದಾಸ್ತಾನು ಪಟ್ಟಿ ಎಲ್ಲವೂ ಇರುವುದು ಅದೇ ಡಿಸ್ಕಿನಲ್ಲಿ!

ಬಹುಪಾಲು ಸಂದರ್ಭಗಳಲ್ಲಿ ಬೇಕಾಗಿರುವುದು ಎರಡೇ ಆದೇಶಗಳು. ‘ಡಿಪಿಕೆಜಿ’ಯ ‘ಕಾನ್ಫಿಗರ್’ ಆದೇಶದಿಂದ ಅರ್ಧಕ್ಕೆ ನಿಂತವುಗಳನ್ನೆಲ್ಲ ಹೊಂದಿಸುವುದು. ಬಳಿಕ ಆಪ್ಟ್‌ನ ‘ಫಿಕ್ಸ್ ಬ್ರೋಕನ್’ ಆದೇಶದಿಂದ ಕೊರತೆಯಿರುವ ಪೂರಕ ಪ್ಯಾಕೇಜುಗಳನ್ನು ತರಿಸಿಕೊಳ್ಳುವುದು. ಇದರಿಂದ ನಮ್ಮ ಲೆಕ್ಕದ ಕಡತಗಳಿಗೆ ಬಾಧೆಯಿಲ್ಲ. ಡಿಸ್ಕ್ ತುಂಬಿ ಕೆಲಸ ನಿಂತಿದ್ದರೆ ಮೊದಲು ಜಾಗ ತೆರವು ಮಾಡಬೇಕಷ್ಟೆ. ಎಚ್ಚರಿಕೆಯೂ ಅಗತ್ಯ: ಎರಡನೆಯ ಆದೇಶವು ಕೆಲವೊಮ್ಮೆ ಇರುವ ಪ್ಯಾಕೇಜುಗಳನ್ನೇ ತೆಗೆದುಹಾಕಲು ಹೊರಡುತ್ತದೆ. ಅದು ತೋರಿಸುವ ಪಟ್ಟಿಯನ್ನು ಓದದೆ ಒಪ್ಪಿಗೆ ಕೊಡಬಾರದು. ‘ಬೀಗ ಬಿದ್ದಿದೆ’ ಎಂಬ ಸಂದೇಶ ಬಂದಾಗ ಬೀಗದ ಕಡತವನ್ನು ಅಳಿಸುವುದೂ ಸಲ್ಲದು; ಹಿನ್ನೆಲೆಯಲ್ಲಿ ಇನ್ನೊಂದು ಪರಿಷ್ಕರಣೆ ನಡೆಯುತ್ತಿರಬಹುದು. ಕಾದರೆ ನಷ್ಟವಿಲ್ಲ.

ದುರಸ್ತಿಗಾರರನ್ನೇ ದೂರುವುದು ನ್ಯಾಯವಲ್ಲ. ಫಾರ್ಮ್ಯಾಟಿಗೆ ಕೂಲಿ ಕೊಡುವ ನಾವು, ದೋಷದ ಸಂದೇಶವನ್ನು ಕುಳಿತು ಓದುವ ತಾಳ್ಮೆಗೆ ಎಷ್ಟು ಕೊಟ್ಟಿದ್ದೇವೆ? ಆದುದರಿಂದ ಸದಸ್ಯ ಬಾಂಧವರು ವಾರ್ಷಿಕ ನಿರ್ವಹಣಾ ಕರಾರಿನಲ್ಲಿ ಎರಡು ಸಾಲು ಸೇರಿಸುವುದು ಒಳಿತು: ಮೊದಲು ಪ್ಯಾಕೇಜ್ ದುರಸ್ತಿ, ಅದಕ್ಕೆ ಪ್ರತ್ಯೇಕ ಶುಲ್ಕ, ಫಾರ್ಮ್ಯಾಟ್ ಆದರೆ ಮಾಲೀಕರ ಲಿಖಿತ ಒಪ್ಪಿಗೆ ಪಡೆದು, ಲೆಕ್ಕದ ಪ್ರತಿಯನ್ನು ಬೇರೆಡೆ ತೆಗೆದಿಟ್ಟ ಮೇಲೆಯೇ. ಯುಪಿಎಸ್ ಬ್ಯಾಟರಿಗೆ ಜೀವವಿದೆಯೇ ಎಂದೂ ನೋಡಿಕೊಳ್ಳಲಿ. ನಮ್ಮ ಸಂಸ್ಥೆಯು ಮೂರೂ ತಾಲೂಕುಗಳ ಗುಮಾಸ್ತರಿಗೆ ಈ ಕುರಿತು ಒಂದು ದಿನದ ತರಬೇತಿಯನ್ನು ಮೇ ತಿಂಗಳಲ್ಲೇ, ಮಳೆ ಹಿಡಿಯುವ ಮೊದಲು, ಏರ್ಪಡಿಸಬೇಕು.