ಇಪ್ಪತ್ತನಾಲ್ಕರ ಲೆಕ್ಕ

ಬೆಳ್ಳಿತೆರೆಯ ಮೇಲೆ ಓಡುವ ಕುದುರೆ ವಾಸ್ತವವಾಗಿ ಓಡುವುದಿಲ್ಲ. ಸೆಕೆಂಡಿಗೆ 24 ನಿಶ್ಚಲ ಚಿತ್ರಗಳು ಒಂದರ ಹಿಂದೊಂದು ಬಂದು ಮರೆಯಾಗುತ್ತವೆ. ಅವನ್ನು ಪೋಣಿಸಿ ಓಟವೆಂದು ಬಗೆಯುವುದು ನೋಡುವ ಕಣ್ಣು. 1920ರ ದಶಕದ ಕೊನೆಯಲ್ಲಿ ವಾಕ್ಚಿತ್ರಗಳು ಬಂದ ಮೇಲೆ ಈ 24ರ ಲೆಕ್ಕವೇ ರೂಢಿಯಾಯಿತು.

ಆದರೆ ಅಮೆರಿಕದ ಟೆಲಿವಿಷನ್ನಿಗೆ ಬೇರೊಂದು ಲೆಕ್ಕವಿದ್ದಿತು. ಅಲ್ಲಿ ಸೆಕೆಂಡಿಗೆ 60 ಅರ್ಧಚಿತ್ರಗಳನ್ನು ಬಿತ್ತರಿಸುತ್ತಿದ್ದರು. ಒಂದರಲ್ಲಿ ಬೆಸ ಗೆರೆಗಳು, ಮುಂದಿನದರಲ್ಲಿ ಸಮ ಗೆರೆಗಳು. ಎರಡೂ ಕೂಡಿದರೆ ಒಂದು ಪೂರ್ಣಚಿತ್ರ. 1953ರಲ್ಲಿ ವರ್ಣಪ್ರಸಾರಕ್ಕಾಗಿ ಈ ಸಂಖ್ಯೆ 59.94ಕ್ಕೆ ಇಳಿದರೂ ಕ್ರಮ ಬದಲಾಗಲಿಲ್ಲ. 24 ಚಿತ್ರಗಳಿಗೆ 60 ಅರ್ಧಚಿತ್ರಗಳನ್ನು ಸಮನಾಗಿ ಹಂಚಹೊರಟರೆ ಒಂದೊಂದರ ಪಾಲಿಗೆ ಎರಡೂವರೆ ಬರುತ್ತದೆ. ಅರ್ಧಚಿತ್ರವನ್ನು ಮತ್ತೆ ಅರ್ಧ ಮಾಡುವುದೆಂತು? ಎಂಜಿನಿಯರುಗಳು ಒಂದು ಚಿತ್ರಕ್ಕೆ ಎರಡು, ಮುಂದಿನದಕ್ಕೆ ಮೂರು, ಮತ್ತೆ ಎರಡು, ಮತ್ತೆ ಮೂರು ಎಂದು ಹಂಚಿದರು. ಹೀಗೆ ಫಿಲಂನ 4 ಚಿತ್ರಗಳು 10 ಅರ್ಧಚಿತ್ರಗಳಾಗಿ, ಟೆಲಿವಿಷನ್ನಿನ 5 ಪೂರ್ಣಚಿತ್ರಗಳಾದವು.

ಜಾಣತನಕ್ಕೂ ಬೆಲೆ ತೆರಬೇಕಾಯಿತು. ಆ ಐದರಲ್ಲಿ ಎರಡು ಬೆರಕೆಯವು: ಅರ್ಧ ಹಿಂದಿನ ಚಿತ್ರದ್ದು, ಅರ್ಧ ಮುಂದಿನದು. ಅಂತಹ ಧ್ವನಿಮುದ್ರಿಕೆಯನ್ನಲ್ಲ, ದೃಶ್ಯಮುದ್ರಿಕೆಯನ್ನು ಕಂಪ್ಯೂಟರಿನಲ್ಲಿ ನಿಲ್ಲಿಸಿ ನೋಡಿದರೆ, ಓಡುವವನ ಅಂಗಿಯ ಅಂಚು ಬಾಚಣಿಗೆಯ ಹಲ್ಲಿನಂತೆ ಕಾಣುವುದು.

ಸಮಾಧಾನದ ಸಂಗತಿಯೆಂದರೆ, ಇಲ್ಲಿ ಮೂಲದ್ದು ಯಾವುದೂ ಕಳೆದುಹೋಗಿಲ್ಲ. ಹೆಚ್ಚಿನದು ಸೇರಿಕೊಂಡಿದೆ, ಅಷ್ಟೆ. ಕಂಪ್ಯೂಟರು ಪ್ರತಿ ಅರ್ಧಚಿತ್ರವನ್ನೂ ಅದಕ್ಕೆ ಎರಡು ಹಿಂದಿನದರೊಡನೆ ಹೋಲಿಸುತ್ತದೆ. ಎರಡೂ ಒಂದೇ ಆಗಿದ್ದರೆ ಅದು ಹೆಚ್ಚುವರಿ. ಹತ್ತರಲ್ಲಿ ಅಂತಹ ಎರಡನ್ನು ತೆಗೆದು, ಉಳಿದ ಎಂಟನ್ನು ತಕ್ಕ ಜೋಡಿಗಳಾಗಿ ಸೇರಿಸಿದರೆ ಮೂಲದ ನಾಲ್ಕು ಚಿತ್ರಗಳು ಮರಳಿ ದೊರೆಯುತ್ತವೆ. ಲೆಕ್ಕವರಿಯದೆ ಬೆರಕೆಯ ಗೆರೆಗಳನ್ನು ಕಲಸಿ ನುಣುಪು ಮಾಡಹೊರಟವರು ಮಾತ್ರ ಮೂಲವನ್ನೇ ಕೆಡಿಸುತ್ತಾರೆ.

ಭಾರತದ ದೂರದರ್ಶನದ ದಾರಿ ಸರಳವಾಗಿದ್ದಿತು. ಸೆಕೆಂಡಿಗೆ 25 ಚಿತ್ರಗಳ ಪದ್ಧತಿಯಲ್ಲಿ ಫಿಲಂ ಅನ್ನು ತುಸು ವೇಗವಾಗಿ ಓಡಿಸಿದರೆ ಸಾಕು. ಆಗ 150 ನಿಮಿಷಗಳ ಸಿನಿಮಾ 144 ನಿಮಿಷಗಳಲ್ಲಿ ಮುಗಿಯುವುದು. ಗಾಯಕರ ಶ್ರುತಿಯೂ ಕೊಂಚ ಏರುವುದು. ಅದಕ್ಕೆ ಮದ್ದು, ಓಟವನ್ನು ಮತ್ತೆ ತಗ್ಗಿಸುವುದೇ.

ಅಮೆರಿಕದ ಲೆಕ್ಕ ಕೆಲವೊಮ್ಮೆ ದಾರಿ ತಪ್ಪುತ್ತದೆ. 1987ರಿಂದ 1994ರವರೆಗೆ ಪ್ರಸಾರವಾದ ‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್’ ಧಾರಾವಾಹಿಯನ್ನು 35 ಮಿಲಿಮೀಟರ್ ಫಿಲಂನಲ್ಲಿ ಚಿತ್ರಿಸಿ, ಸಂಕಲನವನ್ನು ವಿಡಿಯೋ ಟೇಪಿನಲ್ಲಿ ಮಾಡಿದ್ದರು. ಹೀಗೆ ಟೇಪಿಗಿಳಿದ ಮೇಲೆ ಕತ್ತರಿ ಬಿದ್ದಲ್ಲಿ ಎರಡು–ಮೂರರ ತಾಳ ಮುರಿಯುತ್ತದೆ. ಅದರ ಹೊಸ ಆವೃತ್ತಿ 2012ರಲ್ಲಿ ಹೊರಬರಲಾರಂಭಿಸಿತು. ಅದಕ್ಕಾಗಿ ಕಾಪಿಟ್ಟಿದ್ದ ನೆಗೆಟಿವುಗಳನ್ನೇ ಹೊರತೆಗೆದು ಮತ್ತೆ ಸಂಕಲಿಸಬೇಕಾಯಿತು.

ಎಲ್ಲ ಚಿತ್ರಗಳಿಗೂ ಆ ಭಾಗ್ಯವಿಲ್ಲ. ನೆಗೆಟಿವು ನಾಶವಾಗಿ, ಎಂದೋ ಟೆಲಿವಿಷನ್ನಿನಿಂದ ಹಿಡಿದಿಟ್ಟ ಟೇಪೊಂದೇ ಉಳಿದಾಗ, ಚಿತ್ರದ ಮೂಲ ನಡಿಗೆಯನ್ನು ಮರಳಿಸಬಲ್ಲದ್ದು ಈ ಲೆಕ್ಕವೊಂದೇ. ಅಲ್ಲಿ ಹೊಸದನ್ನು ಸೇರಿಸುವ ಕೈಗಿಂತ, ಸೇರಿದ್ದು ಯಾವುದೆಂದು ಗುರುತಿಸಿ ತೆಗೆಯುವ ತಾಳ್ಮೆಯೇ ದೊಡ್ಡದು.