ಪೆಟ್ಟಿಗೆಯೊಳಗೊಂದು ಹುತ್ತ

ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಯಿತು ಎಂಬ ಮಾತು ಕನ್ನಡದಲ್ಲಿದೆ. ಆಫ್ರಿಕದ ಬಾಲ್ ಪೈಥಾನ್ ಎಂಬ ಪುಟ್ಟ ಹೆಬ್ಬಾವಿಗೆ ಈ ಮಾತು ಅಕ್ಷರಶಃ ಸಲ್ಲುತ್ತದೆ. ಘಾನಾ, ಟೋಗೊ, ಬೆನಿನ್ ಮೊದಲಾದ ದೇಶಗಳ ಹುಲ್ಲುಗಾವಲಿನಲ್ಲಿ ಇದು ಹಗಲೆಲ್ಲ ಗೆದ್ದಲ ಹುತ್ತದಲ್ಲೋ ಇಲಿಯ ಬಿಲದಲ್ಲೋ ಸುರುಳಿ ಸುತ್ತಿ ಮಲಗಿ, ಕತ್ತಲಾದ ಮೇಲೆ ಹೊರಬರುತ್ತದೆ. ಹೆದರಿದರೆ ತಲೆಯನ್ನು ನಡುವೆ ಹುದುಗಿಸಿಕೊಂಡು ಚೆಂಡಿನಂತೆ ಮುದುಡುತ್ತದೆ. 'ಬಾಲ್' ಎಂಬ ಹೆಸರು ಬಂದದ್ದು ಹೀಗೆ. ಇದಕ್ಕೆ ವಿಷವಿಲ್ಲ. ಪೂರ್ತಿ ಬೆಳೆದರೂ ಸಾಮಾನ್ಯವಾಗಿ ಮೂರರಿಂದ ಐದು ಅಡಿ ಅಷ್ಟೆ.

ಅಮೆರಿಕ, ಬ್ರಿಟನ್‌ಗಳಲ್ಲಿ ಇದು ಮನೆಮನೆಯ ಸಾಕುಪ್ರಾಣಿಗಳ ಸಾಲಿಗೆ ಸೇರಿದೆ. ಗೆಳೆಯನ ಮನೆಯಲ್ಲಿ ನೋಡಿ ಬಂದ ಮಗು 'ನಮಗೂ ಒಂದು ಬೇಕು' ಎಂದು ಹಟ ಹಿಡಿಯುವುದುಂಟು. ಆಗ ತಂದೆತಾಯಿ ಮೊದಲು ಯೋಚಿಸಬೇಕಾದದ್ದು ಹಾವಿನ ಬಣ್ಣವನ್ನಲ್ಲ, ಅದರ ಮನೆಯನ್ನು.

ಮೊಟ್ಟೆಯೊಡೆದು ಬಂದ ಮರಿ ಸುಮಾರು ಒಂದಡಿ ಉದ್ದವಿರುತ್ತದೆ. ಅದನ್ನು ಬರಿದಾದ ದೊಡ್ಡ ಗಾಜಿನ ಪೆಟ್ಟಿಗೆಯಲ್ಲಿ ಬಿಟ್ಟು ಮೇಲೊಂದು ದೀಪ ಹಾಕಿದರೆ ನೋಡುವವರಿಗೆ ಚೆಂದ; ಮರಿಗೆ ಮಾತ್ರ ಅದು ಬಯಲಿನಲ್ಲಿ ಹದ್ದಿನ ಕಣ್ಣಿಗೆ ಬಿದ್ದಂತೆ. ಹೆದರಿದ ಮರಿ ಆಹಾರ ಮುಟ್ಟುವುದಿಲ್ಲ. ಆದ್ದರಿಂದ ಪೆಟ್ಟಿಗೆಯ ಎರಡೂ ತುದಿಗೆ ಒಂದೊಂದು ಅಡಗುತಾಣ ಬೇಕು. ಪಕ್ಕದಲ್ಲಿ ಸಣ್ಣ ಬಾಗಿಲು ಕೊರೆದು ಬೋರಲು ಹಾಕಿದ ಮಣ್ಣಿನ ಕುಂಡವಾದರೂ ಸಾಕು. ಸುರುಳಿ ಸುತ್ತಿದಾಗ ಅದರ ಗೋಡೆ ಮೈಗೆ ತಾಗುವಷ್ಟು ಇಕ್ಕಟ್ಟಾಗಿದ್ದರೇ ಹಾವಿಗೆ ನೆಮ್ಮದಿ. ಉಳಿದ ಜಾಗವನ್ನು ಕೃತಕ ಎಲೆ, ಮರದ ತೊಗಟೆಗಳಿಂದ ತುಂಬಬೇಕು.

ಎರಡನೆಯದು ಬಿಸಿ. ಹಾವು ತನ್ನ ಮೈಯನ್ನು ತಾನೇ ಬೆಚ್ಚಗಿಟ್ಟುಕೊಳ್ಳಲಾರದು. ಬಿಸಿಯ ಕಡೆಗೂ ತಂಪಿನ ಕಡೆಗೂ ಹರಿದಾಡುತ್ತ ಹದ ಕಂಡುಕೊಳ್ಳುತ್ತದೆ. ಪೆಟ್ಟಿಗೆಯ ಒಂದು ತುದಿ 31ರಿಂದ 33 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿ ಸುಮಾರು 25ರಿಂದ 27 ಡಿಗ್ರಿ ಇರಬೇಕು. ಬಿಸಿ ಕೊಡುವ ವಿದ್ಯುತ್ ಚಾಪೆಗೆ ಥರ್ಮೋಸ್ಟಾಟ್ ಜೋಡಿಸದಿದ್ದರೆ ಹಾವಿನ ಹೊಟ್ಟೆಯೇ ಸುಟ್ಟುಹೋದೀತು. ಗಾಳಿ ತೀರ ಒಣಗಿದರೆ ಪೊರೆ ಇಡಿಯಾಗಿ ಕಳಚದೆ ಚೂರುಚೂರಾಗಿ ಮೈಗೆ ಅಂಟಿಕೊಳ್ಳುತ್ತದೆ. ತೆಂಗಿನ ನಾರಿನ ಪುಡಿ ಹಾಸಿ, ಉರುಳದಂಥ ನೀರಿನ ಬಟ್ಟಲಿಟ್ಟರೆ ತೇವ ಉಳಿಯುತ್ತದೆ.

ಮೂರನೆಯದು ಚಿಲಕ. ತಲೆ ತೂರಿದ ಕಡೆ ಹಾವಿನ ಮೈಯೂ ತೂರುತ್ತದೆ. ಪೆನ್ಸಿಲ್ ಹೋಗುವಷ್ಟು ಸಂದು ಕಂಡರೂ ಅದನ್ನು ಮುಚ್ಚಬೇಕು. ಮರಿ ರಾತ್ರಿಯಿಡೀ ಮೂಲೆಮೂಲೆಯನ್ನು ಮೂತಿಯಿಂದ ಒತ್ತಿ ನೋಡುತ್ತದೆ. ಮುಚ್ಚಳದ ಮೇಲೆ ಪುಸ್ತಕ ಹೇರಿದರೆ ಸಾಲದು. ನಾಲ್ಕೂ ಕಡೆ ಚಿಲಕ ಬೇಕು. ಸರಿಯುವ ಗಾಜಿನ ಬಾಗಿಲಾದರೆ ಬೀಗವಿರಲಿ. ಸಾಮಾನ್ಯವಾಗಿ ಮರೆತುಹೋಗುವುದು ವಿದ್ಯುತ್ ತಂತಿ ಒಳಹೋಗುವ ತೂತು. ಹಾಗೆಂದು ಪೆಟ್ಟಿಗೆಯೊಳಗೆ ಅಂಟುಪಟ್ಟಿ ಹಚ್ಚಬಾರದು. ಅದಕ್ಕೆ ಅಂಟಿಕೊಂಡ ಮರಿಯನ್ನು ಬಿಡಿಸುವಾಗ ಚರ್ಮವೇ ಕಿತ್ತುಬರುತ್ತದೆ.

ತಪ್ಪಿಸಿಕೊಂಡ ಬಾಲ್ ಪೈಥಾನ್ ಮರಿಯಿಂದ ಮನೆಯವರಿಗೆ ಅಪಾಯ ಕಡಿಮೆ. ಚಳಿದೇಶದಲ್ಲಿ ಅಪಾಯವೆಲ್ಲ ಮರಿಗೇ. ದೊಡ್ಡ ಜಾತಿಯ ಹಾವುಗಳ ಮಾತು ಬೇರೆ. 2013ರ ಆಗಸ್ಟ್‌ನಲ್ಲಿ ಕೆನಡಾದ ಕ್ಯಾಂಪ್‌ಬೆಲ್ಟನ್‌ನಲ್ಲಿ ಆಫ್ರಿಕನ್ ರಾಕ್ ಪೈಥಾನ್ ಒಂದು ಗಾಳಿಕೊಳವೆಯ ದಾರಿಯಿಂದ ಹೊರಬಿದ್ದು, ಮಲಗಿದ್ದ ಇಬ್ಬರು ಬಾಲಕರು ಪ್ರಾಣ ಕಳೆದುಕೊಂಡರು. ಹಾವು ಚಿಕ್ಕದಿರಲಿ ದೊಡ್ಡದಿರಲಿ, ಸಂದನ್ನು ಮುಚ್ಚುವ ಹೊಣೆ ಸಾಕಿದವರದೇ.

ಪೋಷಕರು ಇನ್ನೂ ಎರಡು ಸಂಗತಿ ತಿಳಿದಿರಬೇಕು. ಹಾವು ಆರೋಗ್ಯವಾಗಿ ಕಂಡರೂ ಅದರ ಮೈಮೇಲೆ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಮುಟ್ಟಿದಾಗಲೆಲ್ಲ ಸೋಪಿನಿಂದ ಕೈತೊಳೆಯಬೇಕು. ಐದು ವರ್ಷದೊಳಗಿನ ಮಕ್ಕಳಿರುವ ಮನೆಗೆ ಸರೀಸೃಪ ಸಲ್ಲದೆಂಬುದು ವೈದ್ಯರ ಸಲಹೆ. ಇನ್ನೊಂದು, ಆಯುಸ್ಸು. ಚೆನ್ನಾಗಿ ಸಾಕಿದರೆ ಇದು ಇಪ್ಪತ್ತು-ಮೂವತ್ತು ವರ್ಷ ಬದುಕುತ್ತದೆ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯಕ್ಕೆ 1961ರಲ್ಲಿ ಬಂದ ಬಾಲ್ ಪೈಥಾನ್ ಒಂದು 2020ರಲ್ಲಿ, ಅರವತ್ತು ದಾಟಿದ ವಯಸ್ಸಿನಲ್ಲಿ, ಏಳು ಮೊಟ್ಟೆ ಇಟ್ಟಿತು! ಹತ್ತನೇ ವಯಸ್ಸಿನಲ್ಲಿ ಹಟ ಹಿಡಿದ ಮಗು ಓದು ಮುಗಿಸಿ ಊರು ಬಿಟ್ಟ ಮೇಲೂ ಹಾವು ಮನೆಯಲ್ಲೇ ಇರುತ್ತದೆ. ಅದರ ಪೆಟ್ಟಿಗೆ ತೊಳೆಯುವವರು ಯಾರು?

ಕರ್ನಾಟಕದ ಮಕ್ಕಳಿಗೆ ಈ ಆಸೆ ಹುಟ್ಟಿದರೆ ಕಾನೂನನ್ನೂ ತಿಳಿಸಿಹೇಳಬೇಕು. ಇಲ್ಲಿನ ಹೆಬ್ಬಾವು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಪರಿಚ್ಛೇದದಲ್ಲಿದೆ. ಅದನ್ನು ಹಿಡಿಯುವುದೂ ಸಾಕುವುದೂ ಅಪರಾಧ. ಕಾಯಿದೆಗೆ 2022ರಲ್ಲಿ ತಿದ್ದುಪಡಿಯಾದ ಮೇಲೆ ಬಾಲ್ ಪೈಥಾನ್‌ನಂಥ ವಿದೇಶಿ ಜೀವಿಗಳಿಗೂ ನೋಂದಣಿ ಕಡ್ಡಾಯ. ಆದರೂ ಕಳ್ಳಸಾಗಣೆ ನಿಂತಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕಾಕ್‌ನಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಬಂದ ಸಾಮಾನಿನಲ್ಲಿ 55 ಬಾಲ್ ಪೈಥಾನ್‌ಗಳು ಸಿಕ್ಕವು. ಜತೆಗೆ 17 ಕಾಳಿಂಗ ಸರ್ಪಗಳಿದ್ದವು. ಆರು ಕಪುಚಿನ್ ಕೋತಿಗಳು ಸತ್ತುಹೋಗಿದ್ದವು.

ಅದೂ ಬೀಗ ಹಾಕಿದ ಪೆಟ್ಟಿಗೆಯೇ. ಆದರೆ ಅಲ್ಲಿ ಬೆಚ್ಚನೆಯ ಮೂಲೆಯಿರಲಿಲ್ಲ, ನೀರಿನ ಬಟ್ಟಲಿರಲಿಲ್ಲ. ಬೀಗದ ಜೊತೆಗೆ ಹುತ್ತದ ನೆಮ್ಮದಿಯನ್ನೂ ಕೊಡಬಲ್ಲವರು ಮಾತ್ರ ಹಾವು ಸಾಕುವ ಯೋಚನೆ ಮಾಡಬೇಕು. ಉಳಿದವರು ಮೃಗಾಲಯದ ಗಾಜಿನ ಈಚೆ ನಿಂತು ನೋಡಿ ಸಂತೋಷಪಡುವುದೇ ಲೇಸು.