ಎಚ್ ಹೋಗಿ ಎರಡು ಕಂಬ!

ನಗಬೇಡಿ ಮಿತ್ರರೇ, ನನ್ನ ಮಾನ ಹೋದ ಕಥೆ ಹೇಳ್ತಿದ್ದೀನಿ.

ಗೆಳೆಯನೊಬ್ಬ ಆರ್ಕೆಸ್ಟ್ರಾ ಕಟ್ಟಿದ. ಮೊದಲ ಪ್ರೋಗ್ರಾಂ ಗಣೇಶನ ಪೆಂಡಾಲಿನಲ್ಲಿ. "ಹ್ಯಾಂಡ್‌ಬಿಲ್ ನಿನ್ನ ತಲೆಗೆ ಕಣೋ. ಇಂಗ್ಲಿಷ್ ಪಿಕ್ಚರ್ ಥರ ಇರ್ಬೇಕು!" ಅಂದ. ದುಡ್ಡು ಅವನ ತಂಗಿಯದು. ರವಿಕೆ ಹೊಲಿದು ಕೂಡಿಟ್ಟ 1,200 ರೂಪಾಯಿ.

ನಾನು ಕಂಪ್ಯೂಟರಿನಲ್ಲಿ ಹುಡುಕಿ ಹುಡುಕಿ ಬೊಡೋನಿ ಅಕ್ಷರ ಆರಿಸಿದೆ. 2008ರಲ್ಲಿ ಬಂದ 'ಮಮ್ಮಾ ಮಿಯಾ' ಚಿತ್ರದ ಪೋಸ್ಟರ್ ನೋಡಿದ್ದೀರಾ? ಅದೇ ಜಾತಿ. ಒಂದು ಗೆರೆ ಪೈಲ್ವಾನನ ತೊಡೆ, ಪಕ್ಕದ ಗೆರೆ ಕೂದಲೆಳೆ. ಪಾದಕ್ಕೆ ನವಿರಾದ ಅಡ್ಡಗೀಟು. ಏನು ಠೀವಿ, ಏನು ಬಿನ್ನಾಣ! ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಇಟ್ಟು ಅಗ್ಗದ ಕಾಗದಕ್ಕೆ ಪ್ರಿಂಟ್ ಕೊಟ್ಟೆ.

ಬಂಡಲ್ ಬಿಚ್ಚಿದೆವು. ಮಸಿ ಹರಡಿ ಕೂದಲೆಳೆಗಳನ್ನೆಲ್ಲ ನುಂಗಿಬಿಟ್ಟಿತ್ತು. ಎಚ್ ಅಕ್ಷರದ ಅಡ್ಡಗೀಟು ಮಾಯ, ಉಳಿದದ್ದು ಎರಡು ಕಂಬ. ಎ, ಎನ್ ಎರಡೂ ಒಂದೊಂದು ಓರೆಗೀಟು. ಬಸ್‌ಸ್ಟ್ಯಾಂಡಿನಲ್ಲಿ ಹಂಚಿದಾಗ ಒಬ್ಬ ಕೇಳಿದ, "ಇದೇನ್ ಗುರೂ, ಬೇಲಿ ಹಾಕೋರ ಜಾಹೀರಾತಾ?"

ಆಮೇಲೆ ಓದಿ ತಿಳಿದೆ. ಜಾಂಬಟ್ಟಿಸ್ಟಾ ಬೊಡೋನಿ ಇಟಲಿಯವನು. 1768ರಲ್ಲಿ ಪಾರ್ಮಾದ ದೊರೆಯ ಮುದ್ರಣಾಲಯ ಸೇರಿದ. ಉಕ್ಕಿನ ಅಚ್ಚು ಕೊರೆದು, ಅದನ್ನು ತಾಮ್ರಕ್ಕೆ ಒತ್ತಿ, ಅದರಲ್ಲಿ ಸೀಸ ಎರೆದು ಅಕ್ಷರ ಮಾಡುವ ಕಾಲ. ಪ್ಯಾರಿಸಿನಲ್ಲಿ ಡಿಡೋ ಮನೆತನದವರೂ ಇದೇ ದಾರಿ ಹಿಡಿದಿದ್ದರು. 1813ರಲ್ಲಿ ಆತ ತೀರಿಕೊಂಡ. ಅವನ ಅಕ್ಷರಗಳ ಮಹಾಗ್ರಂಥವನ್ನು 1818ರಲ್ಲಿ ಎರಡು ಸಂಪುಟವಾಗಿ ಹೊರತಂದವಳು ಅವನ ವಿಧವೆ ಪತ್ನಿ. ಹೀರೋ ಅವನು, ಕ್ಲೈಮ್ಯಾಕ್ಸ್ ಅವಳದು!

ಆದರೆ ಬೊಡೋನಿ ಅಚ್ಚು ಹಾಕಿದ್ದು ನುಣುಪಾದ ಕಾಗದದ ಮೇಲೆ, ಸುತ್ತ ಧಾರಾಳ ಜಾಗ ಬಿಟ್ಟು. ಒಂದೊಂದು ಅಳತೆಗೆ ಬೇರೆ ಬೇರೆ ಅಚ್ಚು ಕೊರೆದು. 1994ರಲ್ಲಿ ಐಟಿಸಿ ಕಂಪನಿ ಬೊಡೋನಿಯನ್ನು ಮತ್ತೆ ಮಾಡಿದಾಗಲೂ 6, 12, 72 ಪಾಯಿಂಟಿಗೆ ಮೂರು ಥರ ಮಾಡಿತು. ಸಣ್ಣ ಅಳತೆಯದರಲ್ಲಿ ಕೂದಲೆಳೆಗೆ ಸ್ವಲ್ಪ ಮೈ ತುಂಬಿಸಿದೆ. ನಾನು ದೊಡ್ಡ ಅಳತೆಯದನ್ನು ತಂದು ಅಂಗೈಯಗಲದ ಚೀಟಿಗೆ ತುರುಕಿದ್ದೆ.

ತಂಗಿಗೆ ಇದನ್ನೆಲ್ಲ ಪಂಡಿತನ ಹಾಗೆ ವಿವರಿಸಿದೆ. ಆಕೆ ಮೆಷಿನ್ನಿನಿಂದ ತಲೆ ಎತ್ತಲಿಲ್ಲ. "ಇಷ್ಟೇನಾ ಅಣ್ಣಾ? ರೇಷ್ಮೆಗೆ ಸಣ್ಣ ಸೂಜಿ, ಗೋಣಿಗೆ ದಬ್ಬಳ. ಮೊದಲೇ ನನ್ನ ಕೇಳಿದ್ರೆ ಹೇಳ್ತಿದ್ದೆ" ಅಂದಳು.

ಅಭಿಮಾನಿ ಸಂಘದ ತಮ್ಮಂದಿರೇ, ನಿಮ್ಮ ಹೀರೋ ಹೆಸರನ್ನು ಇಂಥ ಅಕ್ಷರದಲ್ಲಿ ಬರೆಸುವ ಆಸೆಯೇ? ದೊಡ್ಡದಾಗಿ ಬರೆಸಿ, ಒಳ್ಳೆ ಕಾಗದ ಹಾಕಿಸಿ, ಒಂದು ಪ್ರತಿ ತೆಗೆಸಿ ನೋಡಿ. ಇಲ್ಲವಾದರೆ ದಪ್ಪಕ್ಷರವೇ ವಾಸಿ.

1,200ನ್ನು ಮೂರು ಕಂತಿನಲ್ಲಿ ತೀರಿಸಿದೆ. ಈ ಅಂಕಣದ ಸಂಭಾವನೆ ಕೊನೆಯ ಕಂತಿಗೇ ಹೋಯ್ತು.